ಬಿಳಿ ಸುಳಿಯ ಜೋಳಕ್ಕೆ ಜಿಂಕ್: ನಾಲ್ಕು ಪಟ್ಟಿ, ಒಂದು ಮುಂಗಾರು

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿ ಹತ್ತಿರ ನಮ್ಮದು ಒಂದೂಕಾಲು ಎಕರೆ ಕೆಂಪು ಮಣ್ಣಿನ ಹೊಲ. ಮೊದಲು ಅದರಲ್ಲಿ ವರ್ಷವೂ ಟೊಮೇಟೊ. ದರದ ಆಟ ನೋಡಿ ಸಾಕಾಗಿ ಈಗ ಮುಂಗಾರಿಗೆ ಮುಸುಕಿನ ಜೋಳ ಹಾಕುತ್ತೇವೆ. ಕಾಳು ಕೋಳಿ ಮೇವಿಗೆ ಹೋಗುತ್ತದೆ, ದಂಟು ಮನೆಯ ಹಸುಗಳಿಗೆ. 2024ರ ಮುಂಗಾರಿನಲ್ಲಿ ಇದೇ ಹೊಲದಲ್ಲಿ ಒಂದು ಕಡೆ ಜಿಂಕ್ (ಸತು) ಹಾಕಿ, ಒಂದು ಕಡೆ ಹಾಕದೆ ಬಿಟ್ಟು, ಕೊನೆಗೆ ತಕ್ಕಡಿಗೆ ಇಟ್ಟು ನೋಡಿದೆ. ಆಗ ನೋಟ್‌ಬುಕ್ಕಿನಲ್ಲಿ ಗೀಚಿದ್ದನ್ನು ಇಲ್ಲಿ ಹಂತ ಹಂತವಾಗಿ ಇಳಿಸಿದ್ದೇನೆ.

ಹಿಂದಿನ ವರ್ಷ ಏನಾಗಿತ್ತು

2023ರಲ್ಲಿ ಪೈರು ಮೇಲೆದ್ದು ಎರಡು ವಾರ ಆಗುವಷ್ಟರಲ್ಲಿ ಸುಳಿ ಬಿಳಿಚಿಕೊಂಡಿತ್ತು. ಪಕ್ಕದ ಹೊಲದವರು ಯೂರಿಯಾ ಸಾಲದು ಅಂದರು, ಯೂರಿಯಾ ಕೊಟ್ಟೆವು. ಗೊಬ್ಬರದ ಅಂಗಡಿಯಲ್ಲಿ "ಇದೊಂದು ಹೊಡೀರಿ ಅಣ್ಣ, ವಾರದಲ್ಲಿ ಹಸಿರಾಗುತ್ತೆ" ಅಂತ ಲಘು ಪೋಷಕಾಂಶದ (ಗಿಡಕ್ಕೆ ಸ್ವಲ್ಪವೇ ಸಾಕಾಗುವ ಸತು, ಕಬ್ಬಿಣದಂಥವು) ಅರ್ಧ ಲೀಟರ್ ಬಾಟಲಿ ಕೊಟ್ಟರು. 480 ರೂಪಾಯಿ. ಅದನ್ನೂ ಹೊಡೆದೆವು. ಎರಡು ಮೂರು ವಾರದಲ್ಲಿ ಹಸಿರಾಯಿತು. ಯೂರಿಯಾದಿಂದ ಆಯಿತಾ, ಬಾಟಲಿಯಿಂದ ಆಯಿತಾ, ಸುಮ್ನೆ ತಾನೇ ಆಯಿತಾ? ಇಡೀ ಹೊಲಕ್ಕೆ ಎಲ್ಲವನ್ನೂ ಕೊಟ್ಟ ಮೇಲೆ ಹೇಳುವುದಕ್ಕೆ ದಾರಿಯೇ ಇರಲಿಲ್ಲ. ಬಿತ್ತುವಾಗ ಜಿಂಕ್ ಸಲ್ಫೇಟನ್ನೂ ಹಾಕಿದ್ದೆವು, ಡಿಎಪಿ (ರಂಜಕ ಹೆಚ್ಚಿರುವ ಗೊಬ್ಬರ) ಜೊತೆ ಕಲಸಿ ಒಂದೇ ಸಾಲಿಗೆ. ಹಾಗಿದ್ದೂ ಸುಳಿ ಬೆಳ್ಳಗಾಗಿದ್ದು ಯಾಕೆ ಅಂತ ಆಗ ಯೋಚಿಸಲಿಲ್ಲ. ಅದು ಬರದ ವರ್ಷ ಬೇರೆ, ಇಳುವರಿ ಬಿದ್ದಿದ್ದಕ್ಕೆ ಮಳೆಯನ್ನು ಬೈದು ಮುಗಿಸಿದೆವು.

1. ಮಣ್ಣು ತೆಗೆದದ್ದು (2024, ಮೇ 9)

ಬೇಕಾದ ಸಾಮಾನು ಇಷ್ಟೇ: ಚನಿಕೆ, ಪ್ಲಾಸ್ಟಿಕ್ ಬಕೆಟ್, ಬಿದಿರಿನ ದಬ್ಬೆ, ಹಳೇ ಪಂಚೆ. ಬಕೆಟ್ ಪ್ಲಾಸ್ಟಿಕ್ಕಿನದೇ ಆಗಿರಬೇಕು. ಮನೆಯಲ್ಲಿ ನೀರು ಸೇದುವ ಬೆಳ್ಳಗಿನ ತಗಡಿನ ಬಕೆಟ್ ಇರುತ್ತದಲ್ಲ, ಅದರ ಮೇಲಿನ ಲೇಪವೇ ಸತು. ಅದರಲ್ಲಿ ಮಣ್ಣು ಕಲಸಿದರೆ ಇಲ್ಲದ ಜಿಂಕ್ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬಂದು ಕೂರುತ್ತದೆ. ಗೊಬ್ಬರದ ಹಳೇ ಚೀಲಕ್ಕೂ ತುಂಬಬಾರದು.

ಅಂಕುಡೊಂಕಾಗಿ ನಡೆಯುತ್ತಾ ಎಕರೆಗೆ ಎಂಟು ಹತ್ತು ಕಡೆ ನಿಲ್ಲಬೇಕು. ಬದು, ತಿಪ್ಪೆ ಇದ್ದ ಜಾಗ, ಮರದ ನೆರಳು ಇವನ್ನು ಬಿಡಬೇಕು. ಮೇಲಿನ ಕಸ ಕೆರೆದು, ಆರು ಇಂಚು ಆಳಕ್ಕೆ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಿ, ಅದರ ಒಂದು ಪಕ್ಕದಿಂದ ಒಂದಿಂಚು ದಪ್ಪ ಮಣ್ಣನ್ನು ಮೇಲಿಂದ ಕೆಳತನಕ ದಬ್ಬೆಯಿಂದ ಕೆರೆದುಕೊಳ್ಳಬೇಕು. ಎಲ್ಲವನ್ನೂ ಪಂಚೆ ಮೇಲೆ ಸುರಿದು, ಹೆಂಟೆ ಒಡೆದು, ನಾಲ್ಕು ಪಾಲು ಮಾಡಿ ಎದುರುಬದುರು ಪಾಲು ಎಸೆಯುತ್ತಾ ಹೋದರೆ ಕೊನೆಗೆ ಅರ್ಧ ಕೆಜಿ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ ಪರೀಕ್ಷೆಗೆ ಕೊಟ್ಟೆ.

ಕೊಡುವಾಗ ಲಘು ಪೋಷಕಾಂಶದ ಪರೀಕ್ಷೆಯೂ ಬೇಕು ಅಂತ ಬಾಯಿಬಿಟ್ಟು ಹೇಳಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಇರಬೇಕು, ಅದರಲ್ಲಿ ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರವೂ ಸೇರಿವೆ. ನಮ್ಮ ಹಳೇ ಚೀಟಿಯಲ್ಲಿ ಆ ಕಾಲಂಗಳೆಲ್ಲ ಖಾಲಿ ಇದ್ದವು.

2. ಚೀಟಿ ಬಂತು (ಮೇ ಕೊನೆ)

ಪಿಹೆಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 7.9. ಸಾವಯವ ಇಂಗಾಲ ಕಡಿಮೆ. ರಂಜಕ "ಹೆಚ್ಚು". ಗಂಧಕ 7 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಏಳು ಪಾಲು), 10 ಇರಬೇಕಿತ್ತು. ಸತು 0.42, ಕನಿಷ್ಠ 0.6 ಬೇಕು. ಬೋರಾನ್ 0.38, ಕನಿಷ್ಠ 0.5 ಬೇಕು. ಕಬ್ಬಿಣ, ಮ್ಯಾಂಗನೀಸ್, ತಾಮ್ರ ಸಾಕಷ್ಟಿವೆ.

ಇದನ್ನು ನೋಡಿದ ಮೇಲೆ ಹಿಂದಿನ ವರ್ಷದ ಸುಳಿ ಅರ್ಥವಾಯಿತು. ಟೊಮೇಟೊಗೆ ವರ್ಷ ವರ್ಷ ಸುರಿದ ಡಿಎಪಿ ರಂಜಕವಾಗಿ ಮಣ್ಣಲ್ಲೇ ಕೂತಿದೆ. ಬೋರ್ ನೀರು ಕುಡಿದು ಕುಡಿದು ಮಣ್ಣು ಸುಣ್ಣದ ಕಡೆ ವಾಲಿದೆ. ರಂಜಕ ಜಾಸ್ತಿಯಾದರೂ ಪಿಹೆಚ್ ಏರಿದರೂ ಗಿಡಕ್ಕೆ ಜಿಂಕ್ ಸಿಗುವುದು ಕಡಿಮೆ. ನಮ್ಮಲ್ಲಿ ಎರಡೂ ಇದ್ದವು, ಇದ್ದ ಜಿಂಕೂ ಅಷ್ಟಕ್ಕಷ್ಟೆ.

ಇದು ನಮ್ಮ ಹೊಲ ಒಂದರ ಕಥೆಯಲ್ಲ. 2009ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ರಾಜ್ಯ ಸರ್ಕಾರ ಭೂಚೇತನ ಯೋಜನೆ ಶುರು ಮಾಡಿದಾಗ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೊದಲ ಸುತ್ತಿನಲ್ಲೇ ಇದ್ದವು. ಆಗ ಮಣ್ಣು ತೆಗೆದು ನೋಡಿದಾಗ ಎದ್ದು ಕಂಡಿದ್ದೂ ಈ ಮೂರೇ: ಗಂಧಕ, ಸತು, ಬೋರಾನ್. ಗಂಧಕಕ್ಕೆ ಜಿಪ್ಸಂ, ಸತುವಿಗೆ ಜಿಂಕ್ ಸಲ್ಫೇಟ್, ಬೋರಾನಿಗೆ ಬೋರಾಕ್ಸ್ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಚೀಲ ಕೊಡುತ್ತಿದ್ದರಲ್ಲ, ಅದು ಇದಕ್ಕೇ. ನಮ್ಮ ಮನೆಯಲ್ಲಿ ಆಗ ಬಂದ ಜಿಪ್ಸಂ ಚೀಲ ಎಷ್ಟೋ ಕಾಲ ಕೊಟ್ಟಿಗೆಯ ಬಾಗಿಲಿಗೆ ಒರಗಿಕೊಂಡಿತ್ತು.

3. ಸಾಮಾನು ಮತ್ತು ದರ

ಜಿಂಕ್ ಸಲ್ಫೇಟ್ ಎರಡು ಥರ ಸಿಗುತ್ತದೆ. ಹರಳು ಹರಳಾಗಿರುವುದರಲ್ಲಿ 21 ಪರ್ಸೆಂಟ್ ಸತು, ಪುಡಿಯಾಗಿರುವುದರಲ್ಲಿ 33. ಚೀಲದ ಮೇಲೆ ಬರೆದಿರುತ್ತದೆ, ಓದಿಯೇ ದುಡ್ಡು ಕೊಡಬೇಕು. ನನಗೆ ಹರಳಿನದು ಕೆಜಿಗೆ 70, ಪುಡಿಯದು 105 ಹೇಳಿದರು. ಸತುವಿನ ಲೆಕ್ಕಕ್ಕೆ ಹಿಡಿದರೆ ಒಂದು ಕೆಜಿ ಸತುವಿಗೆ ಹರಳಿನಲ್ಲಿ 333 ರೂಪಾಯಿ, ಪುಡಿಯಲ್ಲಿ 318. ಏನೂ ವ್ಯತ್ಯಾಸ ಇಲ್ಲ. ಹರಳಿನದೇ ತಂದೆ.

ಇಡಿಟಿಎ ಅಂತ ಬರುವ ಜಿಂಕಿನಲ್ಲಿ 12 ಪರ್ಸೆಂಟ್ ಸತು, ಅರ್ಧ ಕೆಜಿಗೆ 250 ಹೇಳಿದರು. ಅದೇ ಲೆಕ್ಕ ಹಾಕಿದರೆ ಕೆಜಿ ಸತುವಿಗೆ ನಾಲ್ಕು ಸಾವಿರ ದಾಟುತ್ತದೆ. ಅದನ್ನು ಸ್ವಲ್ಪವೇ ಹಾಕಿದರೆ ಸಾಕು, ಸುಣ್ಣದ ಮಣ್ಣಲ್ಲಿ ಅದು ಬೇಗ ಕಟ್ಟಿಹೋಗುವುದಿಲ್ಲ, ಅದೆಲ್ಲ ಸರಿ. ಹಾಗಿದ್ದೂ ಕೋಳಿ ಮೇವಿಗೆ ಹೋಗುವ ಜೋಳಕ್ಕೆ ಕೈ ಬರಲಿಲ್ಲ.

ಹಿಂದಿನ ವರ್ಷದ ಆ 480ರ ಬಾಟಲಿ ಕೊಟ್ಟಿಗೆಯಲ್ಲೇ ಬಿದ್ದಿತ್ತು. ತೆಗೆದು ಓದಿದೆ. ಸತು 3 ಪರ್ಸೆಂಟ್. ಅಂದರೆ ಇಡೀ ಬಾಟಲಿಯಲ್ಲಿ ಹದಿನೈದು ಗ್ರಾಂ ಆಸುಪಾಸು. 70 ರೂಪಾಯಿಯ ಒಂದು ಕೆಜಿ ಹರಳಿನಲ್ಲಿ 210 ಗ್ರಾಂ ಇದೆ. ಬಾಟಲಿಯಲ್ಲಿ ಇನ್ನೂ ಐದಾರು ಪೋಷಕಾಂಶ ಇದ್ದವು, ನಿಜ. ಕಬ್ಬಿಣ, ತಾಮ್ರ, ಮ್ಯಾಂಗನೀಸ್. ನಮ್ಮ ಹೊಲದಲ್ಲಿ ಆಗಲೇ ಇದ್ದವೂ ಅವೇ.

ತಂದದ್ದು: ಜಿಂಕ್ ಸಲ್ಫೇಟ್ 6 ಕೆಜಿ, 420 ರೂಪಾಯಿ. ಬೋರಾಕ್ಸ್ ಅರ್ಧ ಕೆಜಿ, 60 ರೂಪಾಯಿ. ಜಿಪ್ಸಂ 80 ಕೆಜಿ, 400 ರೂಪಾಯಿ. ಸುಣ್ಣ ಒಂದು ಕೆಜಿ, 25 ರೂಪಾಯಿ. ಡಿಎಪಿ ಒಂದು ಚೀಲ, 1,350.

4. ಅಸಲಿಯೋ ನಕಲಿಯೋ

ಇದೊಂದನ್ನು ಎಲ್ಲರೂ ಮಾಡಿ ನೋಡಿ, ಐದು ನಿಮಿಷದ ಕೆಲಸ. ಜಿಂಕ್ ಸಲ್ಫೇಟಿಗೆ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿ ಮಾರುವುದು ಹಳೇ ಕಸುಬು. ಎರಡೂ ಬಿಳೀ ಹರಳು, ಕಣ್ಣಿಗೆ ಗೊತ್ತಾಗುವುದಿಲ್ಲ, ಮೆಗ್ನೀಷಿಯಂ ಅಗ್ಗ.

ಒಂದು ಚಮಚ ಡಿಎಪಿಯನ್ನು ಲೋಟ ನೀರಲ್ಲಿ ಕರಗಿಸಿ, ಗಷ್ಟು ಕೆಳಗಿಳಿದ ಮೇಲೆ ತಿಳಿಯನ್ನು ಬೇರೆ ಲೋಟಕ್ಕೆ ಬಗ್ಗಿಸಿಕೊಂಡೆ. ಇನ್ನೊಂದು ಲೋಟದಲ್ಲಿ ಜಿಂಕ್ ಸಲ್ಫೇಟ್ ಕರಗಿಸಿದೆ. ಎರಡನ್ನೂ ಸೇರಿಸಿದ ತಕ್ಷಣ ಒಡೆದ ಹಾಲಿನ ಹಾಗೆ ಬೆಳ್ಳಗೆ ಗಟ್ಟಿ ಗಟ್ಟಿಯಾಗಿ ಕಟ್ಟಿತು. ಸರಿಯಾದ ಜಿಂಕ್ ಆದರೆ ಹೀಗೇ ಆಗಬೇಕು. ಹೋಲಿಸಿ ನೋಡೋಣ ಅಂತ ದ್ರಾಕ್ಷಿ ತೋಟದವರಿಂದ ಹಿಡಿಯಷ್ಟು ಮೆಗ್ನೀಷಿಯಂ ಸಲ್ಫೇಟ್ ತಂದಿದ್ದೆ, ಅದರಲ್ಲಿ ಅಷ್ಟು ಗಟ್ಟಿ ಗಷ್ಟು ಬರಲಿಲ್ಲ. ಬೇರೊಂದು ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಟ್ಟಿದ್ದ ಕಾಲು ಕೆಜಿ ಜಿಂಕ್ ಮೆಗ್ನೀಷಿಯಂ ಪಕ್ಷಕ್ಕೇ ಸೇರಿತು. ಅದನ್ನು ಪಕ್ಕಕ್ಕಿಟ್ಟು, ಹೊಲಿಗೆ ಹಾಕಿದ ಚೀಲದ ಮಾಲನ್ನೇ ಬಳಸಿದೆ.

ಲೋಟ ನೋಡುತ್ತಾ ನಿಂತಾಗ ಹಿಂದಿನ ವರ್ಷದ ಬಿತ್ತನೆ ನೆನಪಾಯಿತು. ಜಿಂಕನ್ನೂ ಡಿಎಪಿಯನ್ನೂ ಕಲಸಿ ಒಂದೇ ಸಾಲಿಗೆ ಸುರಿದಿದ್ದೆವಲ್ಲ, ಮಣ್ಣಿನೊಳಗೆ ಆಗಿದ್ದೂ ಇದೇ. ಆ ಗಷ್ಟು ನೀರಲ್ಲಿ ಕರಗುವುದಿಲ್ಲ, ಬೇರು ಅದನ್ನು ಹೀರುವುದು ಕಷ್ಟ. ದುಡ್ಡು ಕೊಟ್ಟು ತಂದ ಜಿಂಕನ್ನು ದುಡ್ಡು ಕೊಟ್ಟು ತಂದ ಡಿಎಪಿಯಿಂದಲೇ ಕಟ್ಟಿಹಾಕಿದ್ದೆವು.

5. ಪಟ್ಟಿ ಹಂಚಿದ್ದು (ಜೂನ್ 7ರಿಂದ 15)

ಹೊಲದಲ್ಲಿ ಹತ್ತು ಗುಂಟೆ ಹಸುಗಳ ಮೇವಿಗೆ ಬಿಟ್ಟು, ಉಳಿದ 40 ಗುಂಟೆಯನ್ನು ನಾಲ್ಕು ಪಟ್ಟಿ ಮಾಡಿದೆ. ಒಂದೊಂದು 10 ಗುಂಟೆ, 50 ಮೀಟರ್ ಉದ್ದ, 20 ಮೀಟರ್ ಅಗಲ. ನಮ್ಮ ಹೊಲ ಪೂರ್ವಕ್ಕೆ ಇಳಿಜಾರು. ಪಟ್ಟಿಗಳನ್ನು ಇಳಿಜಾರಿನ ಉದ್ದಕ್ಕೇ ಎಳೆದೆ, ಎಲ್ಲ ಪಟ್ಟಿಗೂ ಮೇಲಿನ ಬಡ ಮಣ್ಣು ಸ್ವಲ್ಪ, ಕೆಳಗಿನ ಒಳ್ಳೆ ಮಣ್ಣು ಸ್ವಲ್ಪ ಸಿಗಲಿ ಅಂತ. ಅಡ್ಡಕ್ಕೆ ಎಳೆದಿದ್ದರೆ ಕೆಳಗಿನ ಪಟ್ಟಿ ಏನೂ ಹಾಕದೆಯೂ ಗೆದ್ದುಬಿಡುತ್ತಿತ್ತು.

ಒಂದನೇ ಪಟ್ಟಿ: ಜಿಂಕೂ ಇಲ್ಲ, ಬೋರಾನೂ ಇಲ್ಲ.
ಎರಡನೇ ಪಟ್ಟಿ: ಮಣ್ಣಿಗೆ ಜಿಂಕ್ ಸಲ್ಫೇಟ್ 2.5 ಕೆಜಿ, ಅಂದರೆ ಎಕರೆಗೆ 10 ಕೆಜಿ.
ಮೂರನೇ ಪಟ್ಟಿ: ಮಣ್ಣಿಗೆ ಏನೂ ಇಲ್ಲ, ಪೈರಿಗೆ ಜಿಂಕ್ ಸಿಂಪಡಣೆ.
ನಾಲ್ಕನೇ ಪಟ್ಟಿ: ಮಣ್ಣಿಗೆ ಜಿಂಕ್ 2.5 ಕೆಜಿ, ಜೊತೆಗೆ ಬೋರಾಕ್ಸ್ ಅರ್ಧ ಕೆಜಿ.

ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 10 ಕೆಜಿ ಜಿಂಕ್ ಸಲ್ಫೇಟ್, ಎಕರೆಗೆ ನಾಲ್ಕೇ ಕೆಜಿ. ನಾನು ಜಾಸ್ತಿ ಹಾಕಿದ್ದು ಪಿಹೆಚ್ ಮತ್ತು ರಂಜಕ ನೋಡಿ. ಹಾಕಿದ್ದು ಎರಡು ಮೂರು ಬೆಳೆಗೆ ಉಳಿಯುತ್ತದೆ ಅನ್ನುವ ಲೆಕ್ಕವೂ ಇತ್ತು.

ಇಲ್ಲಿ ನನ್ನ ಭಾವಮೈದ ಒಂದು ಮಾತು ಹೇಳಿದ. "ಭಾವ, ಜಿಂಕ್ ಸಲ್ಫೇಟಿನಲ್ಲಿ ಗಂಧಕವೂ ಇದೆ ಅಲ್ವಾ? ನಿಮ್ಮ ಹೊಲದಲ್ಲಿ ಗಂಧಕವೂ ಕಡಿಮೆ. ಬೆಳೆ ಚೆನ್ನಾಗಿ ಬಂದರೆ ಯಾವುದರಿಂದ ಬಂತು ಅಂತೀರಿ?" ಸರಿಯಾದ ಮಾತು. ಹಾಗಾಗಿ ನಾಲ್ಕೂ ಪಟ್ಟಿಗೆ ತಲಾ 20 ಕೆಜಿ ಜಿಪ್ಸಂ ಹಾಕಿಬಿಟ್ಟೆ. ಗಂಧಕದ ಕೊರತೆ ಎಲ್ಲ ಕಡೆ ತೀರಿದರೆ ಉಳಿಯುವ ವ್ಯತ್ಯಾಸ ಜಿಂಕಿನದು.

ಎರಡೂವರೆ ಕೆಜಿ ಹರಳನ್ನು ಹತ್ತು ಗುಂಟೆಗೆ ಸಮನಾಗಿ ಎರಚಲು ಹೋದರೆ ಪಟ್ಟಿಯ ಅರ್ಧಕ್ಕೇ ಕೈ ಖಾಲಿ. ಜರಡಿ ಹಿಡಿದ ಒಣ ಕೊಟ್ಟಿಗೆ ಗೊಬ್ಬರ 25 ಕೆಜಿಗೆ ಬೆರೆಸಿ, ಎರಡು ಪಾಲು ಮಾಡಿ, ಒಂದು ಪಾಲನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಎರಚಿ ಕುಂಟೆ ಹೊಡೆಸಿದೆ. ಬೋರಾಕ್ಸ್ ಇನ್ನೂ ನಾಜೂಕು. ಬೋರಾನ್ ಸಾಲದಿದ್ದರೂ ಕಷ್ಟ, ಸ್ವಲ್ಪ ಜಾಸ್ತಿಯಾದರೂ ವಿಷ, ನಡುವಿನ ಜಾಗ ಬಹಳ ಕಿರಿದು. ಅದನ್ನು ಬೀಜದ ಸಾಲಿಗೆ ಯಾವತ್ತೂ ಹಾಕಬಾರದು, ಮೊಳಕೆಯೇ ಸುಟ್ಟುಹೋಗುತ್ತದೆ. ಒಟ್ಟಿಗೆ ಕಲಸದೆ, ಮೊದಲು ಒಂದು ಮಂಕರಿ ಗೊಬ್ಬರಕ್ಕೆ ಬೆರೆಸಿ, ಅದನ್ನು ಇನ್ನೊಂದಿಷ್ಟು ಗೊಬ್ಬರಕ್ಕೆ ಸೇರಿಸಿ ಆಮೇಲೆ ಎರಚಿದೆ.

ಇದೆಲ್ಲ ಬಿತ್ತನೆಗೆ ಒಂದು ವಾರ ಮುಂಚೆ. 15ಕ್ಕೆ ಹದ ಬಂತು, ಬಿತ್ತಿದೆವು. ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದಡಿ. ಡಿಎಪಿ ಆಗ, ಬೀಜದ ಪಕ್ಕದಲ್ಲಿ ಎರಡಿಂಚು ಬಿಟ್ಟು, ಪಟ್ಟಿಗೆ ಹನ್ನೆರಡೂವರೆ ಕೆಜಿಯಂತೆ. ರಂಜಕ ಹೆಚ್ಚಿದೆ ಅಂತ ಚೀಟಿ ಹೇಳಿದ್ದರಿಂದ ಎಕರೆಗೆ ಒಂದೇ ಚೀಲಕ್ಕೆ ನಿಲ್ಲಿಸಿದೆ. ಪೊಟ್ಯಾಷ್, ಆಮೇಲಿನ ಯೂರಿಯಾ ಎಲ್ಲಾ ಪಟ್ಟಿಗೂ ಒಂದೇ ಸಮ.

6. ಬೆಳ್ಳಗಾಯಿತು (ಜೂನ್ 30ರಿಂದ)

ಒಂದನೇ ಮತ್ತು ಮೂರನೇ ಪಟ್ಟಿಯಲ್ಲಿ ಸುಳಿ ಬಿಳಿಚಿತು. ರಸ್ತೆಯಲ್ಲಿ ನಿಂತರೇ ಪಟ್ಟಿಯ ಗೆರೆ ಕಾಣುತ್ತಿತ್ತು. ಎರಡು ಮತ್ತು ನಾಲ್ಕರಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಇದು ಜಿಂಕಿನ ಕೊರತೆಯೇ ಅಂತ ಹೇಗೆ ಗುರುತು ಹಿಡಿದೆ ಅಂದರೆ, ಎಳೇ ಗರಿಯ ಬುಡದ ಅರ್ಧದಲ್ಲಿ, ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟೆ. ನಡುನರ ಹಸಿರು, ಅಂಚೂ ಹಸಿರು. ಗೆಣ್ಣು ಹತ್ತಿರ ಹತ್ತಿರ, ಗಿಡ ಗಿಡ್ಡ. ಕಬ್ಬಿಣದ ಕೊರತೆಯೂ ಎಳೇ ಗರಿಯಲ್ಲೇ ಬರುತ್ತದೆ. ಆದರೆ ಅದರಲ್ಲಿ ಸಣ್ಣ ಸಣ್ಣ ಗೀರು ಬುಡದಿಂದ ತುದಿತನಕ ಓಡುತ್ತದೆ. ಸಾರಜನಕದ್ದು (ಯೂರಿಯಾ ಕೊಡುವುದು ಇದಕ್ಕೇ) ಕೆಳಗಿನ ಹಳೇ ಗರಿಯಲ್ಲಿ, ತುದಿಯಿಂದ ನಡುನರ ಹಿಡಿದು ಹಳದಿ ಇಳಿಯುತ್ತದೆ. ಪೊಟ್ಯಾಷಿನದೂ ಹಳೇ ಗರಿಯೇ, ಅಂಚು ಸುಟ್ಟ ಹಾಗೆ. ಮೊದಲು ಹಳೇ ಗರಿಯೋ ಎಳೇ ಗರಿಯೋ ನೋಡಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಹಿಂದಿನ ವರ್ಷ ಸುಳಿ ಬಿಳಿಚಿದ್ದಕ್ಕೆ ಯೂರಿಯಾ ಕೊಟ್ಟಿದ್ದು ಇದನ್ನು ನೋಡದೆ.

ಇದೇ ಹೊತ್ತಿಗೆ ಫಾಲ್ ಸೈನಿಕ ಹುಳವೂ ಬಂತು. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಹುಳ, ಈಗ ಕರೆಯದೆಯೇ ಪ್ರತಿ ವರ್ಷ ಹಾಜರ್. ಇಮಾಮೆಕ್ಟಿನ್ ಲೀಟರಿಗೆ 0.4 ಗ್ರಾಂ ಹಾಕಿ ಸುಳಿಗೆ ಬೀಳುವ ಹಾಗೆ ಹೊಡೆಸಿದೆ, ನಾಲ್ಕೂ ಪಟ್ಟಿಗೆ. ಜಿಂಕ್ ಜೊತೆ ಬೆರೆಸಲಿಲ್ಲ. ಜಿಂಕಿನ ನೀರಲ್ಲಿ ಸುಣ್ಣ ಇರುತ್ತದೆ, ಸುಣ್ಣದ ನೀರಿಗೂ ಹುಳದ ಔಷಧಿಗೂ ಆಗಿಬರುವುದಿಲ್ಲ. "ಎರಡು ಕೂಲಿ ಯಾಕೆ, ಒಂದೇ ಟ್ಯಾಂಕಿಗೆ ಹಾಕಿ" ಅಂತ ಔಷಧಿ ಹೊಡೆಯುವವನು ಕೇಳಿದ, ಕೇಳುವುದರಲ್ಲಿ ತಪ್ಪಿಲ್ಲ, ಕೂಲಿಯೇ ಜಾಸ್ತಿ ಬೀಳುವುದು.

7. ಸಿಂಪಡಣೆ, ಮೂರನೇ ಪಟ್ಟಿ (ಜುಲೈ 5 ಮತ್ತು 16)

ಅಳತೆ: ಲೀಟರ್ ನೀರಿಗೆ ಜಿಂಕ್ ಸಲ್ಫೇಟ್ 5 ಗ್ರಾಂ, ಸುಣ್ಣ 2.5 ಗ್ರಾಂ. ನಮ್ಮ ಬೆನ್ನಿನ ಪಂಪು 16 ಲೀಟರಿನದು, ಅದಕ್ಕೆ 80 ಗ್ರಾಂ ಮತ್ತು 40 ಗ್ರಾಂ. ಹತ್ತು ಗುಂಟೆಗೆ ಮೂರು ಟ್ಯಾಂಕು.

ಮೊದಲ ಟ್ಯಾಂಕು ಕೆಟ್ಟಿತು. ಒಂದು ಲೀಟರ್ ಚೊಂಬಿನಲ್ಲಿ ಜಿಂಕನ್ನೂ ಸುಣ್ಣವನ್ನೂ ಒಟ್ಟಿಗೆ ಕರಗಿಸಿ ಟ್ಯಾಂಕಿಗೆ ಸುರಿದೆ. ಅಷ್ಟು ಕಡಿಮೆ ನೀರಲ್ಲಿ ಎರಡೂ ಸೇರಿ ಉಂಡೆ ಕಟ್ಟಿತು, ನಾಲ್ಕು ಹೆಜ್ಜೆಗೆ ನಾಜಲ್ ಬಂದ್. ಬಿಚ್ಚಿ, ಊದಿ, ಪಿನ್ನಿಂದ ಚುಚ್ಚಿ ಮತ್ತೆ ಹಾಕಿದರೆ ಮತ್ತೆ ಬಂದ್. ಟ್ಯಾಂಕು ಚೆಲ್ಲಿ ತೊಳೆಯಬೇಕಾಯಿತು.

ಆಮೇಲೆ ಸರಿಹೋದದ್ದು ಹೀಗೆ. ಹಿಂದಿನ ರಾತ್ರಿಯೇ ಸುಣ್ಣ ನೆನೆಸಿಟ್ಟು, ಬೆಳಗ್ಗೆ ಕದಡಿ ಪಂಚೆಯಲ್ಲಿ ಸೋಸಬೇಕು. ಜಿಂಕನ್ನು ಬೇರೆ ಬಕೆಟಿನಲ್ಲಿ ಹತ್ತು ಹನ್ನೆರಡು ಲೀಟರ್ ನೀರಿಗೆ ತೆಳ್ಳಗೆ ಕರಗಿಸಬೇಕು. ಅದಕ್ಕೆ ಸುಣ್ಣದ ನೀರನ್ನು ಕೋಲಾಡಿಸುತ್ತಾ ಸ್ವಲ್ಪ ಸ್ವಲ್ಪವೇ ಬಿಡಬೇಕು. ನೀರು ಮಬ್ಬಾಗುತ್ತದೆ, ಆಗಲಿ. ಇನ್ನೊಮ್ಮೆ ಸೋಸಿ ಟ್ಯಾಂಕಿಗೆ ತುಂಬಿ ಆಗಲೇ ಹೊಡೆದು ಮುಗಿಸಬೇಕು. ಇಟ್ಟರೆ ತಳಕ್ಕೆ ಕೂರುತ್ತದೆ.

ಈ ಸುಣ್ಣದ ರಗಳೆ ಬೇಕಾ ಅಂತ ಅಂಚಿನ ಎರಡು ಸಾಲಿಗೆ ಸುಣ್ಣವಿಲ್ಲದೆ ಹೊಡೆಸಿದೆ, ಅದೂ ಹನ್ನೊಂದು ಗಂಟೆ ಬಿಸಿಲಲ್ಲಿ. ಮಾರನೇ ದಿನ ಗರಿ ಮೇಲೆ ಕಂದು ಚುಕ್ಕೆ, ತುದಿ ಕರಕಲು. ಜಿಂಕ್ ಸಲ್ಫೇಟಿನ ನೀರು ಹುಳಿ, ಆ ಹುಳಿ ಮುರಿಯೋಕೇ ಸುಣ್ಣ. ಆ ಎರಡು ಸಾಲನ್ನು ತೂಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೇ ಸಲ ಸಂಜೆ ನಾಲ್ಕರ ಮೇಲೆ ಹೊಡೆಸಿದೆ, ಏನೂ ಸುಡಲಿಲ್ಲ.

8. ಎಲ್ಲವೂ ಹಸಿರು (ಜುಲೈ ಕೊನೆ)

ಇಡೀ ಕೆಲಸದಲ್ಲಿ ನನಗೆ ಬೇಕಾಗಿದ್ದುದು ಈ ಹಂತ. ಸಿಂಪಡಣೆ ಆದ ಒಂದೂವರೆ ವಾರಕ್ಕೆ ಮೂರನೇ ಪಟ್ಟಿಯ ಹೊಸ ಗರಿ ಹಸಿರಾಗಿ ಬಂತು. ಖುಷಿಯಾಯಿತು. ಜುಲೈ ಕೊನೆಗೆ ನೋಡಿದರೆ ಒಂದನೇ ಪಟ್ಟಿಯೂ ಹಸಿರು! ಏನೂ ಹೊಡೆದಿರಲಿಲ್ಲ. ಪೈರು ಚಿಕ್ಕದಿದ್ದಾಗ ಬೇರು ಮೇಲ್ಮೇಲೆ ಇರುತ್ತದೆ, ಮೋಡ ಮುಚ್ಚಿ ನೆಲ ತಣ್ಣಗಿದ್ದರೆ ಜಿಂಕ್ ಎಳೆದುಕೊಳ್ಳುವುದು ಇನ್ನೂ ಕಡಿಮೆ. ಬೇರು ಆಳಕ್ಕೂ ಅಗಲಕ್ಕೂ ಹರಡಿದ ಮೇಲೆ ಇದ್ದಷ್ಟರಲ್ಲೇ ಹೇಗೋ ಹೊಂದಿಸಿಕೊಳ್ಳುತ್ತದೆ.

ಹಾಗಾದರೆ 2023ರಲ್ಲಿ 480 ರೂಪಾಯಿ ಬಾಟಲಿ ಹೊಡೆದು "ಎರಡು ಮೂರು ವಾರದಲ್ಲಿ ಹಸಿರಾಯಿತು" ಅಂದಿದ್ದೆನಲ್ಲ, ಅದು ಹೊಡೆಯದಿದ್ದರೂ ಆಗುತ್ತಿತ್ತು. ಅಂಗಡಿಯವರು ಸುಳ್ಳು ಹೇಳಿದರು ಅಂತಲ್ಲ, ಅವರೂ ಹೊಡೆದ ಹೊಲಗಳನ್ನೇ ನೋಡಿರುವುದು. ಹೊಡೆಯದ ಪಟ್ಟಿ ಯಾರ ಹೊಲದಲ್ಲೂ ಇರುವುದಿಲ್ಲ.

ಬಣ್ಣ ಒಂದೇ ಆದರೂ ಎತ್ತರ ಒಂದೇ ಆಗಲಿಲ್ಲ. ಬಿತ್ತಿದ 45ನೇ ದಿನ ಪ್ರತಿ ಪಟ್ಟಿಯ ನಡುವಿನ ಇಪ್ಪತ್ತು ಗಿಡ ಅಳೆದೆ. ಸರಾಸರಿ ಒಂದನೆಯದು 148 ಸೆಂಟಿಮೀಟರ್, ಎರಡನೆಯದು 171, ಮೂರನೆಯದು 160, ನಾಲ್ಕನೆಯದು 169. ಹಸಿರಾಯಿತು ಅಂದ ಮಾತ್ರಕ್ಕೆ ಹಿಂದೆ ಬಿದ್ದ ವಾರಗಳು ವಾಪಸ್ ಬರಲಿಲ್ಲ.

9. ತೆನೆ (ಆಗಸ್ಟ್, ಸೆಪ್ಟೆಂಬರ್)

ಗಂಡು ಹೂ, ರೇಷ್ಮೆ (ತೆನೆಯ ತುದಿಯಲ್ಲಿ ಬರುವ ಎಳೆ) ಬರುವ ಹೊತ್ತಿಗೆ ಮಳೆ ಕೈಕೊಟ್ಟಿತು, ಬೋರಿಂದ ನೀರು ಹಾಯಿಸಿದೆವು. ಒಂದನೇ ಪಟ್ಟಿಯಲ್ಲಿ ರೇಷ್ಮೆ ನಾಲ್ಕೈದು ದಿನ ತಡ.

ಬೋರಾನ್ ಕಡಿಮೆಯಾದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ, ತೆನೆಯಲ್ಲಿ ಹಲ್ಲು ಬಿದ್ದ ಜಾಗ, ಬೋಳು ತುದಿ. ಆದರೆ ರೇಷ್ಮೆ ಹೊತ್ತಿಗೆ ನೀರು ಸಾಲದಿದ್ದರೂ ತುದಿ ಬೋಳಾಗುತ್ತದೆ. ಇಪ್ಪತ್ತಿಪ್ಪತ್ತು ತೆನೆ ಸುಲಿದು ಬೋಳು ತುದಿ ಅಳೆದೆ. ಒಂದರಲ್ಲಿ 2.8 ಸೆಂಟಿಮೀಟರ್, ಎರಡರಲ್ಲಿ 2.1, ಮೂರರಲ್ಲಿ 2.3, ನಾಲ್ಕರಲ್ಲಿ 2.0. ಎರಡಕ್ಕೂ ನಾಲ್ಕಕ್ಕೂ ಇರುವ ಅಂತರ ಒಂದು ಮಿಲಿಮೀಟರ್, ಅದನ್ನು ಬೋರಾನ್ ಅಂತ ಕರೆಯಲು ನನಗೆ ಧೈರ್ಯ ಇಲ್ಲ.

10. ಕಟಾವು, ತೂಕ (ಅಕ್ಟೋಬರ್)

ಪ್ರತಿ ಪಟ್ಟಿಯ ನಡುವಿನ ಹತ್ತು ಸಾಲನ್ನು ಬೇರೆ ಮುರಿಸಿದೆ. ಹೆಚ್ಚುಕಮ್ಮಿ ಮೂರು ಗುಂಟೆ. ಅಂಚಿನ ಸಾಲು ಬಿಟ್ಟಿದ್ದಕ್ಕೆ ಕಾರಣ ಇದೆ: ಪಕ್ಕದ ಪಟ್ಟಿಯ ಗೊಬ್ಬರ ಸ್ವಲ್ಪ ಈ ಕಡೆ ಬಂದಿರುತ್ತದೆ, ಒಂದನೇ ಪಟ್ಟಿಯ ಅಂಚಿಗೆ ಬದುವಿನ ಹೊಂಗೆ ಮರದ ನೆರಳೂ ಇತ್ತು. ಮುರಿಯುವವರಿಗೆ ಚೀಲದ ಮೇಲೆ ನಂಬರ್ ಬರೆದು ಕೊಟ್ಟರೂ ಎರಡನೇ ಪಟ್ಟಿಯ ಒಂದು ಚೀಲ ಮೂರರ ರಾಶಿಗೆ ಹೋಗಿತ್ತು, ಸುರಿಯುವ ಮುಂಚೆ ಸಿಕ್ಕಿತು. ಪಟ್ಟಿಗೊಂದು ಬಣ್ಣದ ದಾರ ಕಟ್ಟಿದರೆ ಒಳ್ಳೆಯದು.

ಅಕ್ಟೋಬರ್ ಮಳೆ ಕಾಟ ಬೇರೆ. ಟಾರ್ಪಾಲ್ ಹಾಸುವುದು, ಮೋಡ ಕಂಡರೆ ಮಡಚುವುದು. ನಾಲ್ಕು ರಾಶಿ ಒಂದೇ ಸಮ ಒಣಗಲಿಲ್ಲ. ಹಾಗಾಗಿ ಮಂಡಿಯಲ್ಲಿ ತೇವಾಂಶದ ಮೀಟರಿಗೆ ಹಿಡಿಸಿ ಎಲ್ಲವನ್ನೂ 14 ಪರ್ಸೆಂಟಿಗೆ ಇಳಿಸಿ ಲೆಕ್ಕ ಹಾಕಿದೆ. ನೂರರಿಂದ ತೇವಾಂಶ ಕಳೆದು, ತೂಕದಿಂದ ಗುಣಿಸಿ, 86ರಿಂದ ಭಾಗಿಸಬೇಕು. 18 ಪರ್ಸೆಂಟ್ ತೇವ ಇರುವ 100 ಕೆಜಿ ಜೋಳ ಈ ಲೆಕ್ಕಕ್ಕೆ 95 ಕೆಜಿ ಚಿಲ್ಲರೆ. ಇದನ್ನು ಮಾಡದಿದ್ದರೆ ನೀರನ್ನೇ ಇಳುವರಿ ಅಂತ ತೂಗಿದ ಹಾಗೆ.

ಮೂರು ಗುಂಟೆಗೆ ಬಂದದ್ದು: ಒಂದನೇ ಪಟ್ಟಿ 146 ಕೆಜಿ, ಎರಡನೇ ಪಟ್ಟಿ 172, ಮೂರನೇ ಪಟ್ಟಿ 163, ನಾಲ್ಕನೇ ಪಟ್ಟಿ 174. ಎಕರೆಗೆ ಹಾಕಿದರೆ 19.5 ಕ್ವಿಂಟಾಲ್, 22.9, 21.7, 23.2.

11. ದುಡ್ಡಿನ ಲೆಕ್ಕ

ಬೆಂಬಲ ಬೆಲೆ 2,225 ಇದ್ದ ವರ್ಷ ಅದು. ನಮಗೆ ಸಿಕ್ಕಿದ್ದು ಕ್ವಿಂಟಾಲಿಗೆ 2,150.

ಮಣ್ಣಿಗೆ ಜಿಂಕ್ ಹಾಕಿದ್ದರಿಂದ ಎಕರೆಗೆ ಸುಮಾರು ಮೂರೂವರೆ ಕ್ವಿಂಟಾಲ್ ಜಾಸ್ತಿ, 7,400 ರೂಪಾಯಿ ಆಸುಪಾಸು. ಖರ್ಚು 700 ರೂಪಾಯಿ ಜಿಂಕ್, ಎರಚುವ ಕೂಲಿ ಮನೆಯವರದೇ. ಸಿಂಪಡಣೆಯಿಂದ ಎರಡೂಕಾಲು ಕ್ವಿಂಟಾಲ್, 4,850 ರೂಪಾಯಿ. ಎಕರೆಗೆ ಎರಡು ಸಲಕ್ಕೆ ಜಿಂಕ್ ಎರಡು ಕೆಜಿಯೂ ಆಗುವುದಿಲ್ಲ, 140 ರೂಪಾಯಿ ಹಿಡಿಯಿರಿ, ಕೂಲಿ 1,200. ಸಿಂಪಡಣೆಯದು ಆ ಬೆಳೆಗೇ ಮುಗಿಯಿತು, ಮಣ್ಣಿನದು ಮುಂದಿನ ಬೆಳೆಗೂ ಸ್ವಲ್ಪ ಉಳಿಯುತ್ತದೆ. ಬಿತ್ತುವಾಗ ಹಾಕಲು ಆಗದೆ, ಸುಳಿ ಬೆಳ್ಳಗಾದ ಮೇಲೆ ಕಣ್ಣು ಬಿಟ್ಟವರಿಗೆ ಸಿಂಪಡಣೆ ಒಳ್ಳೆಯದೇ. ಆದರೆ ಬೆಳ್ಳಗೆ ಕಂಡ ವಾರದಲ್ಲೇ ಹೊಡೆಯಬೇಕು, ತಾನಾಗಿ ಹಸಿರಾದ ಮೇಲೆ ಹೊಡೆದು ಪ್ರಯೋಜನ ಇಲ್ಲ.

ಬೋರಾನಿನ ಎರಡು ಕೆಜಿ ಜಾಸ್ತಿ ಲೆಕ್ಕಕ್ಕಿಲ್ಲ. ನಾಲ್ಕು ತೆನೆ ಹಂದಿ ತಿಂದರೂ ಅದು ಆಚೀಚೆ ಆಗುತ್ತದೆ. ಜಿಂಕಿನ 26 ಕೆಜಿ ಹಾಗಲ್ಲ, ಆದರೂ ಇದು ಒಂದು ಹೊಲ, ಒಂದು ಮುಂಗಾರು. ಪಿಹೆಚ್ ಆರೂವರೆ ಇರುವ, ಡಿಎಪಿ ಅಷ್ಟು ಕಾಣದ ಹೊಲದಲ್ಲಿ ಎಕರೆಗೆ ನಾಲ್ಕು ಕೆಜಿಯೇ ಸಾಕಾಗಬಹುದು, ಸತು 0.6ಕ್ಕಿಂತ ಚೆನ್ನಾಗಿ ಮೇಲಿದ್ದರೆ ಏನೂ ಬೇಡ. ನಮ್ಮ ಪಕ್ಕದ ಊರಿನವರೊಬ್ಬರು ಇದನ್ನೆಲ್ಲ ಕೇಳಿ ನೇರ ಹೋಗಿ ಎಕರೆಗೆ ಹತ್ತು ಕೆಜಿ ತಂದರು, ಮಣ್ಣು ಮಾತ್ರ ಕೊಟ್ಟಿಲ್ಲ.

12. ಮುಂದಿನ ಬಿತ್ತನೆಗೆ

ಎರಡನೇ ಮತ್ತು ನಾಲ್ಕನೇ ಪಟ್ಟಿಗೆ ಈ ಸಲ ಜಿಂಕ್ ಹಾಕುವುದಿಲ್ಲ. ಹಳೆಯದು ಎಷ್ಟು ಉಳಿದಿದೆ ನೋಡಬೇಕು. ಮೂರನೆಯದಕ್ಕೆ ಮಣ್ಣಿಗೇ 10 ಕೆಜಿ ಲೆಕ್ಕ. ಒಂದನೇ ಪಟ್ಟಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿ ಅರ್ಧಕ್ಕೆ 4 ಕೆಜಿ ಲೆಕ್ಕದಲ್ಲಿ ಹಾಕಿ, ಅರ್ಧವನ್ನು ಮತ್ತೆ ಖಾಲಿ ಬಿಡುತ್ತೇನೆ. ಅದನ್ನು ಕೇಳಿ ಮನೆಯಲ್ಲಿ "ಗೊತ್ತಿದ್ದೂ ಐದು ಗುಂಟೆ ಯಾಕೆ ಹಾಳು ಮಾಡ್ತೀರಿ" ಅಂದರು. ಐದು ಗುಂಟೆಗೆ ನಷ್ಟ ಒಂಬೈನೂರು ಚಿಲ್ಲರೆ, ಎರಡು ಬಾಟಲಿಯ ದುಡ್ಡು ಅಂತ ಲೆಕ್ಕ ಒಪ್ಪಿಸಿದ್ದೇನೆ, ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಬೋರಾಕ್ಸ್ ಈ ವರ್ಷ ಎಲ್ಲೂ ಇಲ್ಲ. ಎರಡನೇ ಮತ್ತು ನಾಲ್ಕನೇ ಪಟ್ಟಿಯ ಮಣ್ಣನ್ನು ಬೇರೆ ಬೇರೆ ಕೊಟ್ಟಿದ್ದೇನೆ, ಚೀಟಿ ಬಂದಿಲ್ಲ.